ಬೆರಳಗಲ ಕಪ್ಪು

ನಮ್ಮೂರಲ್ಲಿ ಸಾವಿನ ಸುದ್ದಿ ಮೊದಲು ಬರುವುದು ಕಂಪ್ಯೂಟರಿಗೆ. ಮನೆಯವರಲ್ಲಿ ಒಬ್ಬರು ಎಲ್ಲೇ ಸಾಯಲಿ, ಪಕ್ಕದ ಕೋಣೆಯಲ್ಲೋ, ಹೆಸರು ಕೇಳಿರದ ಪರವೂರಲ್ಲೋ, ಆ ಮನೆಯ ಪರದೆಯ ಮೇಲಿನ ಚಿತ್ರ ನಾಲ್ಕೂ ಕಡೆಯಿಂದ ಒಂದು ಬೆರಳಗಲ ಒಳಕ್ಕೆ ಸರಿದುಬಿಡುತ್ತದೆ. ಬಿಟ್ಟ ಜಾಗ ಕಪ್ಪಗೆ ಉಳಿಯುತ್ತದೆ. ಅದಕ್ಕೆ ನಾವು ಅಂಚು ಅನ್ನುತ್ತೇವೆ. ಹೊಸ ಮಾನಿಟರು ತಂದರೂ ಅಂಚು ಅದರ ಜೊತೆಗೇ ಬಂದು ಕೂರುತ್ತದೆ. ಊರಿನ ಅನುಕೂಲಸ್ಥರೆಲ್ಲ ಅದನ್ನೊಂದು ಸಲ ಮಾಡಿ ನೋಡಿ ಕೈ ಸುಟ್ಟುಕೊಂಡಿದ್ದಾರೆ. ಮೇಲುಬೀದಿಯ ಹಳೇ ಮನೆಗಳಲ್ಲಿ ಈಗ ಬೆಂಕಿಪೊಟ್ಟಣದಷ್ಟು ಚಿತ್ರ ಉಳಿದಿದೆ. ಆ ಮನೆಗಳ ಮಕ್ಕಳು ಪರೀಕ್ಷೆಯ ಫಲಿತಾಂಶವನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈಹಾಕುವ ಮೊದಲು ಪರದೆಯ ಕಡೆ ಕಣ್ಣು ಹಾಯಿಸುತ್ತಾರೆ. ಅಣ್ಣತಮ್ಮಂದಿರು ಪಾಲಾಗುವುದೂ ಎಷ್ಟೋ ಸಲ ತುಂಬು ಪರದೆಯ ಆಸೆಗೇ, ಯಾಕೆಂದರೆ ಬೇರೆ ಒಲೆ ಹೂಡಿದವರಿಗೆ ಪರದೆಯೂ ಹೊಸದಾಗಿ ಶುರುವಾಗುತ್ತದೆ.

ನಾನು ಪಂಚಾಕ್ಷರಿ. ಸಂತೆಪೇಟೆಯ ಮೂಲೆಯಲ್ಲಿ ನನ್ನ ಅಂಗಡಿ. ಊರಿನವರು ನನ್ನನ್ನು ಅಂಚು ನೋಡೋ ಪಂಚಣ್ಣ ಅನ್ನುತ್ತಾರೆ, ಬೇಡದಾಗ ಶನಿ ಅನ್ನುತ್ತಾರೆ. ಅನ್ನಲಿ ಬಿಡಿ, ನನಗೇನೂ ಬೇಜಾರಿಲ್ಲ. ಚಿತ್ರ ಚಿಕ್ಕದಾಗುವುದಕ್ಕೆ ಸಾವೊಂದೇ ಕಾರಣವಲ್ಲ ಎಂಬುದೇ ನನ್ನ ಕಸುಬಿಗೆ ಆಧಾರ. ಕೇಬಲ್ಲು ಸಡಿಲವಾದರೂ ಆಗುತ್ತದೆ. ಮಾನಿಟರಿನ ಕೆಳಗಿನ ಗುಂಡಿಯನ್ನು ಯಾರೋ ಆಡುತ್ತಾ ಒತ್ತಿದರೂ ಆಗುತ್ತದೆ. ರೆಸಲ್ಯೂಷನ್ ತಪ್ಪಿದರೆ, ಅಂದರೆ ಚಿತ್ರದ ಅಳತೆ ಪರದೆಯ ಅಳತೆಗೆ ಹೊಂದದಿದ್ದರೆ, ಆಗ ಹೇಗೂ ಆಗುತ್ತದೆ. ಡ್ರೈವರ್ ಅಂತ ಒಂದಿದೆ, ಎಷ್ಟಗಲ ಎಷ್ಟುದ್ದ ಚಿತ್ರ ಬಿಡಿಸಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವುದು. ಅದು ಕೆಟ್ಟರೂ ಇದೇ ಗತಿ. ಇವೆಲ್ಲ ಸರಿಮಾಡಿದರೆ ಹೋಗುವ ಅಂಚುಗಳು. ಸಾವಿನ ಅಂಚು ಯಾವುದಕ್ಕೂ ಜಗ್ಗುವುದಿಲ್ಲ. ನೋಡುವುದಕ್ಕೆ ಮಾತ್ರ ಎರಡೂ ಒಂದೇ. ಆದ್ದರಿಂದ ಅಂಚು ಕಂಡ ಮನೆಯವರು ಅಳುವ ಮೊದಲು ನನ್ನನ್ನು ಕರೆಸುತ್ತಾರೆ. ನಾನು ನೋಡಿ, ಸೆಟ್ಟಿಂಗಿನ ತೊಂದರೆಯಾದರೆ ಸರಿಮಾಡಿ ಕಾಫಿ ಕೇಳುತ್ತೇನೆ. ಅಲ್ಲದಿದ್ದರೆ ಒಂದು ಬಟ್ಟೆ ಕೇಳುತ್ತೇನೆ, ಪರದೆಗೆ ಹೊದಿಸುವುದಕ್ಕೆ. ಬಾಯಿಬಿಟ್ಟು ಏನನ್ನೂ ಹೇಳುವ ಪದ್ಧತಿಯಿಲ್ಲ. ಹನ್ನೊಂದನೇ ದಿನ ಹೋಗಿ ಬಟ್ಟೆ ತೆಗೆಯುವವನೂ ನಾನೇ.

ಒಂದು ಸಲ ಮಾತ್ರ ಕರುಣೆ ತೋರಿಸಿ ಪಾಠ ಕಲಿತೆ. ಹೂವಿನ ನಂಜಮ್ಮ ಅಂತ, ಮಿಲಿಟರಿಯಲ್ಲಿದ್ದ ತಮ್ಮನ ಸಲುವಾಗಿ ಕೈಮುಗಿದು ನಿಂತಿದ್ದಳು. ನನಗೆ ಬಟ್ಟೆ ಕೇಳಲು ಬಾಯಿ ಬರಲಿಲ್ಲ. ಚಿತ್ರವನ್ನು ಅಡ್ಡಡ್ಡಕ್ಕೆ ಎಳೆದು ಪರದೆ ತುಂಬಿಸುವ ಒಂದು ಉಪಾಯವಿದೆ. ಅಂಚು ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಮಾಡಿಕೊಟ್ಟು ಕಾಫಿ ಕುಡಿದು ಬಂದೆ. ವಾರ ಕಳೆಯುವುದರೊಳಗೆ ಫೋಟೋದಲ್ಲಿ ಎಲ್ಲರ ಮುಖವೂ ಕುಂಬಳಕಾಯಿ ಆಗಿದೆಯೆಂದು ಅವಳ ಬೀಗರು ಕಂಡುಹಿಡಿದರು. ಕಾರ್ಯ ತಡವಾಯಿತೆಂದು ಊರೆಲ್ಲ ಸೇರಿ ನನಗೆ ಬಾಯಿಗೆ ಬಂದಂತೆ ಬೈದರು. ಅವತ್ತೇ ತೀರ್ಮಾನ ಮಾಡಿದೆ: ಇನ್ನು ಯಾರ ಮುಖವನ್ನೂ ನೋಡಬಾರದು, ಪರದೆಯನ್ನಷ್ಟೇ ನೋಡಬೇಕು. ಖಡಕ್ಕಾಗಿ ಪ್ರಶ್ನೆ ಕೇಳಬೇಕು, ಖಡಕ್ಕಾಗಿ ಹೇಳಿ ಎದ್ದು ಬರಬೇಕು. ಹಾಗೇ ಮಾಡುತ್ತಾ ಬಂದೆ. ಜನ ನನಗೆ ಹೆದರುತ್ತಾರೆ ಅನ್ನುವುದು ಒಳಗೊಳಗೇ ಒಂದಿಷ್ಟು ಹಿತವಾಗಿಯೂ ಇತ್ತು, ಸುಳ್ಳೇಕೆ ಹೇಳಲಿ.

ದಾಕ್ಷಾಯಿಣಿಯ ಮನೆಯಿಂದ ಕರೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಗಾಣಿಗರ ಬೀದಿಯ ಕೊನೆಯ ಮನೆ, ಒಂದೂ ಅಂಚಿಲ್ಲದ ತುಂಬು ಪರದೆಯ ಮನೆ. ಅವಳ ಗಂಡ ಮರುಳಸಿದ್ಧ ಬೋರ್‌ವೆಲ್ ಗಾಡಿಯ ಮೇಲೆ ಕೆಲಸಕ್ಕಿದ್ದ. ಗಾಡಿ ಹೋದ ಕಡೆ ಹೋಗುವುದು, ನೀರು ಬಿದ್ದ ಕಡೆ ಊಟ, ಬೀಳದ ಕಡೆ ಬೈಗುಳ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ದಾಕ್ಷಾಯಿಣಿ, ಅವಳ ಅತ್ತೆ ಚನ್ನಾಜಮ್ಮ, ಇಬ್ಬರೇ. ಮಾವ ಹೋದದ್ದು ಮನೆಗೆ ಕಂಪ್ಯೂಟರು ಬರುವ ಎಷ್ಟೋ ಮೊದಲು. ಮರುಳಸಿದ್ಧನ ಫೋನು ಹದಿನೆಂಟು ದಿನದಿಂದ ಬಂದ್ ಆಗಿತ್ತು. ಗಾಡಿ ಮಾಲೀಕ ಫೋನೆತ್ತುತ್ತಿರಲಿಲ್ಲ. ಹಿಂದಿನ ದಿನ ಸಂಜೆ ದಾಕ್ಷಾಯಿಣಿ ಕಂಪ್ಯೂಟರು ಹಾಕಿದಾಗ ಪರದೆಗೆ ಬೆರಳಗಲದ ಅಂಚು ಬಂದಿತ್ತು.

ನಾನು ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಪಂಚಣ್ಣ, ಸೆಟ್ಟಿಂಗೇ ಇರ್ಬೇಕು ಅಲ್ವಾ?" ಅಂದಳು. "ಹದಿನೈದು ದಿನದ ಹಿಂದೆ ಒಂದ್ಸಲ ಹಿಂಗೇ ಅಕ್ಷರ ಎಲ್ಲಾ ದಪ್ಪ ದಪ್ಪ ಆಗಿತ್ತು. ನಾನೇ ಸರಿ ಮಾಡ್ದೆ."

"ನೋಡೋಣ ತಡೀಮ್ಮ. ನನ್ ಕೆಲಸ ನನಗೆ ಬಿಡು," ಅಂದೆ.

ಕೇಬಲ್ಲನ್ನು ಎರಡೂ ತುದಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಅಂಚು ಕದಲಲಿಲ್ಲ. ಮಾನಿಟರಿನ ಗುಂಡಿ ಒತ್ತಿ ತಾನಾಗಿ ಹೊಂದಿಕೊಳ್ಳಲು ಬಿಟ್ಟೆ. ಕದಲಲಿಲ್ಲ. ರೆಸಲ್ಯೂಷನ್ನಿನ ಪಟ್ಟಿ ತೆಗೆದೆ. ಈ ಮಾನಿಟರಿಗೆ ಇರಬೇಕಾದ ದೊಡ್ಡ ಅಳತೆ ಆ ಪಟ್ಟಿಯಲ್ಲೇ ಇರಲಿಲ್ಲ. ಇದ್ದುದರಲ್ಲಿ ದೊಡ್ಡದನ್ನು ಆರಿಸಿದೆ, ಅಂಚು ಹಾಗೇ ಇತ್ತು. ಸಾವಿನ ಮನೆಗಳಲ್ಲೂ ಪಟ್ಟಿ ಹೀಗೆ ಕುಗ್ಗುವುದುಂಟು. ನಾನು ನೂರಾರು ಸಲ ನೋಡಿದ್ದೇನೆ. ಇನ್ನು ಉಳಿದದ್ದು ಡ್ರೈವರ್ ಒಂದೇ.

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳಿಬಿಡುತ್ತೇನೆ. ಡ್ರೈವರನ್ನು ತೆಗೆದು ಹೊಸದಾಗಿ ಹಾಕಿ ನೋಡುವುದೇ ಸರಿಯಾದ ಕ್ರಮ. ಆದರೆ ಹತ್ತು ವರ್ಷದಿಂದ ನಾನು ಅದನ್ನು ಮಾಡುತ್ತಿರಲಿಲ್ಲ. ಡ್ರೈವರ್ ಸುಮ್ಮಸುಮ್ಮನೆ ಕೆಡುವುದಿಲ್ಲ. ಅಪ್ಡೇಟು ಆಗುವಾಗ ನಡುವೆ ಕರೆಂಟು ಹೋದರೋ, ಯಾರಾದರೂ ಪ್ಲಗ್ಗು ಕಿತ್ತರೋ ಕೆಡುತ್ತದೆ. ಆದ್ದರಿಂದ ಮನೆಯವರನ್ನು ಕೇಳಿ, ಇಲ್ಲ ಅಂದರೆ, ಡ್ರೈವರ್ ಸರಿಯಿದೆ ಎಂದು ತೀರ್ಮಾನಿಸುತ್ತಿದ್ದೆ. ನನ್ನ ಪ್ರಶ್ನೆಗೆ ಯಾರೂ ಸುಳ್ಳು ಹೇಳುವುದಿಲ್ಲವೆಂಬ ಧಿಮಾಕು ನನಗೆ.

ಕುರ್ಚಿ ತಿರುಗಿಸಿ ಕೂತು ಕೇಳಿದೆ, "ನಿನ್ನೆ ಇದನ್ನ ಯಾರಾದ್ರೂ ಮುಟ್ಟಿದ್ರಾ? ಅಪ್ಡೇಟು ಗಿಪ್ಡೇಟು ಅಂತ ಕೇಳಿದ್ದಕ್ಕೆ ಒತ್ತಿದ್ರಾ? ಮಧ್ಯದಲ್ಲಿ ಆಫ್ ಮಾಡಿದ್ರಾ? ನಿಜ ಹೇಳ್ಬಿಡಿ. ಆಮೇಲೆ ನನ್ನ ತಲೆ ತಿನ್ನೋ ಹಾಗಿಲ್ಲ."

"ನಾನು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ರೇಷನ್ ಕ್ಯೂನಲ್ಲಿದ್ದೆ ಅಣ್ಣ. ಅತ್ತೆ ಒಬ್ರೇ ಇದ್ರು. ಅವರಿಗೆ ಇದೆಲ್ಲ ಬರಲ್ಲ."

ಚನ್ನಾಜಮ್ಮ ಅಡುಗೆಮನೆಯ ಬಾಗಿಲುವಾಡ ಹಿಡಿದು ನಿಂತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಕಡ್ಡಿಯಂಥ ಮೈ. "ಏನಮ್ಮಾ, ನೀನೇನಾದ್ರೂ ಮುಟ್ಟಿದ್ಯಾ?" ಎಂದು ಗಟ್ಟಿಯಾಗಿ ಕೇಳಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಸೊಸೆಯ ಕಡೆ ಒಂದು ಸಲ ನೋಡಿ, ಮತ್ತೆ ತಲೆಯಾಡಿಸಿದಳು.

ಆಯಿತು, ಅಂದುಕೊಂಡೆ. ಇನ್ನೂ ಎರಡು ಮನೆಗೆ ಹೋಗಬೇಕಿತ್ತು. "ದಾಕ್ಷಾಯಿಣಮ್ಮ," ಅಂದೆ, "ಒಂದು ಬಟ್ಟೆ ಕೊಡಿ."

ಅವಳು ಅಲುಗಾಡಲಿಲ್ಲ. "ಕಾಫಿಗೆ ಇಟ್ಟಿದೀನಿ ಪಂಚಣ್ಣ. ಹಾಲು ಕಾಯ್ತಾ ಇದೆ," ಅಂದಳು. ಇನ್ನೊಂದು ಸಲ ಅದನ್ನೇ ಅಂದಳು. ಕೊನೆಗೆ ನಾನೇ ಎದ್ದು ಹಗ್ಗದ ಮೇಲಿದ್ದ ಬಿಳಿ ಟವೆಲ್ಲನ್ನು ತೆಗೆದು ಹೊದಿಸಿದೆ. ನಾನು ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಅವಳ ಕೂಗು ಕೇಳಿತು. ಹಾಲು ಉಕ್ಕಿ ಸೀದ ವಾಸನೆಯೂ ಬಂತು. ಆದರೂ ಹಿಂತಿರುಗಿ ನೋಡಲಿಲ್ಲ.

ಮರುಳಸಿದ್ಧನ ಒಂದು ಅಂಗಿ, ಒಂದು ಪಂಚೆ ಇಟ್ಟು ಕಾರ್ಯ ಮಾಡಿದರು. ಹೆಣ ಎಲ್ಲಿ ಅಂತ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಅಂಚು ಬಂದ ಮೇಲೆ ಮುಗಿಯಿತು. ದಾಕ್ಷಾಯಿಣಿಯ ಕೈಯಿಂದ ಬಳೆ ತೆಗೆಸಿದರು. ಹನ್ನೊಂದನೇ ದಿನ ನಾನು ಬಟ್ಟೆ ತೆಗೆಯಲು ಹೋದೆ. ಬೆರಳಗಲ ಅಂಚು ಹಾಗೇ ಇತ್ತು. ಹೊರಡುವಾಗ ನಡುಮನೆಯ ಗೋಡೆಗೆ ಒರಗಿ ಕೂತಿದ್ದ ಚನ್ನಾಜಮ್ಮ ಕೈಚಾಚಿ ನನ್ನ ಮುಂಗೈ ಹಿಡಿದುಕೊಂಡಳು. ಮುದುಕಿ ಆ ಹನ್ನೊಂದು ದಿನದಲ್ಲಿ ಅರ್ಧವಾಗಿದ್ದಳು.

"ಅಪ್ಪಾ, ಅವನಿಗೆ ನೋವಾಗಿರುತ್ತಾ?" ಅಂದಳು.

"ಇಲ್ಲ ಕಣಮ್ಮ."

"ತಟ್ಟಂತ ಹೋಗಿರ್ತಾನಾ? ತಂತಿ ಕಿತ್ತ ಹಂಗೆ?"

ಪಾಪ, ಸಮಾಧಾನಕ್ಕೆ ಕೇಳುತ್ತಿದ್ದಾಳೆ ಅಂದುಕೊಂಡೆ. ಯಾರ ಮುಖವನ್ನೂ ನೋಡಬಾರದು ಅಂದುಕೊಂಡಿದ್ದವನಿಗೆ ಆ ಹೊತ್ತು ಮನಸ್ಸು ಕರಗಿತು. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಹೂಂ ಕಣಮ್ಮ, ತಂತಿ ಕಿತ್ತ ಹಂಗೆ. ಅವನಿಗೆ ಗೊತ್ತೇ ಆಗಿರಲ್ಲ," ಅಂದೆ. ಅವಳು ನನ್ನ ಕೈ ಬಿಟ್ಟಳು. ಒಳ್ಳೆಯದು ಮಾಡಿದೆ ಅಂದುಕೊಂಡು ಮನೆಗೆ ಬಂದೆ. ಅವತ್ತು ಹೊಟ್ಟೆ ತುಂಬ ಉಂಡೆ, ಚೆನ್ನಾಗಿ ನೆನಪಿದೆ.

ಆಮೇಲೆ ಚನ್ನಾಜಮ್ಮ ಅನ್ನ ಮುಟ್ಟಲಿಲ್ಲವಂತೆ. ಮೂರು ದಿನ ಸೊಸೆ ಗಂಜಿ ಹಿಡಿದು ಬೇಡಿಕೊಂಡಳಂತೆ, ನಾಲ್ಕನೇ ದಿನದಿಂದ ನೀರೂ ಇಳಿಯಲಿಲ್ಲವಂತೆ. ಡಾಕ್ಟರು ಬಂದು ವಯಸ್ಸಾಯಿತು, ಪುತ್ರಶೋಕ ಅಂದರು. ಬಟ್ಟೆ ತೆಗೆದ ಒಂಬತ್ತನೇ ದಿನ ಹೋದಳು. ಪರದೆಯ ಅಂಚು ಎರಡು ಬೆರಳಾಯಿತು. ಕಣ್ಣೆದುರು ಸತ್ತದ್ದರಿಂದ ಅದನ್ನು ನೋಡಿ ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಮಣ್ಣಿಗೆ ಹೋಗಿ ಬಂದೆ. ಒಂದು ಅಂಚೂ ಇಲ್ಲದ ಮನೆಗೆ ಒಂದೇ ತಿಂಗಳಲ್ಲಿ ಎರಡು ಬಂತಲ್ಲ ಎಂದು ಜನ ಲೊಚಗುಟ್ಟಿದರು.

ಅದಾಗಿ ವಾರವಾಗಿತ್ತು. ನಾನು ಅಂಗಡಿಯ ಬಾಗಿಲು ಎತ್ತುತ್ತಿದ್ದೆ. ಸಂತೆಪೇಟೆಯ ಗದ್ದಲವೆಲ್ಲ ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಮರುಳಸಿದ್ಧ! ಹೆಗಲಿಗೆ ಚೀಲ, ಮೈಯೆಲ್ಲ ಕಲ್ಲಿನ ಧೂಳು. ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತಾ ಬರುತ್ತಿದ್ದ. ಯಾರೂ ತಿರುಗಿ ಹೇಳಲಿಲ್ಲ. ಟೀ ಅಂಗಡಿಯ ರೇವಣ್ಣ ಕೈಯಲ್ಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟು ಒಳಗೆ ಹೋಗಿಬಿಟ್ಟ. ಎಲ್ಲರ ಕಣ್ಣೂ ಮರುಳಸಿದ್ಧನನ್ನು ಬಿಟ್ಟು ನನ್ನ ಮೇಲೆ ಬಂದವು.

"ಏನ್ ಪಂಚಣ್ಣ, ಊರಿಗೇನಾಗಿದೆ?" ಅಂದ ಅವನು ನಗುತ್ತಾ. "ಎಲ್ಲಾ ದೆವ್ವ ನೋಡಿದಂಗೆ ನೋಡ್ತಾರೆ. ಫೋನು ಬೋರ್ ಗುಂಡಿಗೆ ಬಿದ್ದೋಯ್ತು ಕಣಣ್ಣ, ಮುನ್ನೂರು ಅಡಿ ಕೆಳಗೆ! ಒಂದು ನಂಬರೂ ಬಾಯಲ್ಲಿಲ್ಲ ನನಗೆ. ಲಾರಿ ಡ್ರೈವರೊಬ್ಬನ ಕೈಲಿ ಮನೆಗೆ ಹೇಳಿ ಕಳಿಸಿದ್ದೆ. ಬಂದು ಹೇಳಿದ್ನೋ ಇಲ್ವೋ?"

ಅವನ ಬೆನ್ನ ಹಿಂದೆ ನಿಂತಿದ್ದವರಲ್ಲಿ ಯಾರೋ, "ನೀನೇ ಅಲ್ವಾ ಬಟ್ಟೆ ಕೇಳಿದ್ದು?" ಅಂದರು. ನಿನ್ನ ತಾಯಿ ಹೋದಳಪ್ಪ ಎಂದು ನಾನಾದರೂ ಹೇಳಬೇಕಿತ್ತು. ಹೇಡಿ ನಾನು. "ಮನೆಗೆ ಹೋಗಪ್ಪ, ಮೊದಲು ಮನೆಗೆ ಹೋಗು," ಅಂದು ಒಳಗೆ ಸೇರಿಕೊಂಡೆ. ಅವನ ನಗು ಅರ್ಧಕ್ಕೇ ನಿಂತದ್ದು ಕಾಣಿಸಿತು. ಚೀಲವನ್ನು ಎದೆಗೆ ಅವುಚಿಕೊಂಡು ಓಡಿದ.

ಗಂಟೆಯೊಳಗೆ ದಾಕ್ಷಾಯಿಣಿ ತಾನೇ ಬಂದಳು. ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. "ಅವರು ಕರೀತಿದಾರೆ," ಅಂದಳು. ಅಣ್ಣ ಅನ್ನಲಿಲ್ಲ, ಪಂಚಣ್ಣ ಅನ್ನಲಿಲ್ಲ. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಮರುಳಸಿದ್ಧ ಕಂಪ್ಯೂಟರಿನ ಮುಂದೆ ಕೂತಿದ್ದ. ಅತ್ತು ಕಣ್ಣು ಊದಿತ್ತು. ಮುಖದ ಧೂಳಿನ ಮೇಲೆ ನೀರಿಳಿದ ಗೆರೆಗಳಿದ್ದವು. "ಎರಡು ಬೆರಳಿದೆ," ಅಂದ. "ಒಂದು ನಂದಂತೆ. ನಾನು ಇಲ್ಲೇ ಇದೀನಲ್ಲ. ನಂದನ್ನ ತೆಗೀರಿ."

ಅವನ ಪಕ್ಕ ಕೂತೆ. ಕೇಬಲ್ಲು, ಗುಂಡಿ, ಅಳತೆಯ ಪಟ್ಟಿ, ಎಲ್ಲ ಮತ್ತೆ ನೋಡಿದೆ. ಆಮೇಲೆ ಅವತ್ತು ತೆರೆಯದೇ ಬಿಟ್ಟದ್ದನ್ನು ತೆರೆದೆ. ಅಪ್ಡೇಟುಗಳ ಪಟ್ಟಿಯಲ್ಲಿ ಆ ಮಂಗಳವಾರದ ತಾರೀಕಿತ್ತು. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಶುರು, ಹನ್ನೊಂದು ಇಪ್ಪತ್ತಮೂರಕ್ಕೆ ನಡುವೆಯೇ ಕಡಿದುಹೋಗಿದೆ ಎಂದು ಬರೆದಿತ್ತು. ಕೆಳಗೆ ಡ್ರೈವರಿನ ಹೆಸರಿನ ಮುಂದೆ ಹಳದಿ ಗುರುತು. ಪಟ್ಟಿ ತೆರೆದ ಯಾರಿಗಾದರೂ ಕಾಣುವ ಗುರುತು ಅದು.

"ದಾಕ್ಷಾಯಿಣಮ್ಮ," ಅಂದೆ, "ಅತ್ತೆ ಇದನ್ನ ಯಾವಾಗಲಾದ್ರೂ ಹಾಕ್ತಿದ್ರಾ?"

ಅವಳು ಗೋಡೆಗೆ ಒರಗಿ ಕೂತಿದ್ದಳು. "ಮಗನ ಫೋಟೋ ನೋಡೋಕೆ. ಎಲ್ಲಿ ಒತ್ತಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಆದ್ರೆ ನಾನಿಲ್ದಾಗ ಮುಟ್ಟಬೇಡಿ ಅಂತ ಬೈದೂ ಇದ್ದೆ." ಗಂಡನ ಕಡೆ ನೋಡಿ, "ಕೊನೇ ದಿನ 'ನಾನೇ ಕಿತ್ತೆ ಕಣೇ, ಗುರ್ ಅಂತಿತ್ತು, ಹೆದ್ರಿಕೆ ಆಯ್ತು, ತಂತಿ ಕಿತ್ತುಬಿಟ್ಟೆ, ನಾನೇ ಅವನನ್ನ ಕೊಂದೆ' ಅಂತಿದ್ರು. ಬಡಬಡಿಸ್ತಿದಾರೆ ಅನ್ಕೊಂಡೆ," ಅಂದಳು.

ಅಯ್ಯೋ ದೇವರೇ. ಮುಂಗೈ ಹಿಡಿದುಕೊಂಡು ಅವಳು ಕೇಳಿದ್ದು, ನಾನು ಹೂಂ ಕಣಮ್ಮ ಅಂದದ್ದು, ಎಲ್ಲ ಕಣ್ಣೆದುರು ಬಂತು. ಪೊಲೀಸಿನವನ ಹಾಗೆ ಕುರ್ಚಿ ತಿರುಗಿಸಿ ಕೂತು ಕೇಳದೆ, ಮೆತ್ತಗೆ ಒಂದು ಮಾತು ಕೇಳಿದ್ದರೆ ಆವತ್ತೇ ಹೇಳಿಬಿಡುತ್ತಿದ್ದಳೇನೋ. ಹೇಳದಿದ್ದರೂ ನಡೆಯುತ್ತಿತ್ತು, ನಾನು ನೋಡಬೇಕಾದ್ದನ್ನು ನೋಡಿದ್ದರೆ ಸಾಕಿತ್ತು.

ಕೆಟ್ಟ ಡ್ರೈವರನ್ನು ತೆಗೆದೆ. ನನ್ನ ಚೀಲದಲ್ಲಿದ್ದ ಸಿಡಿಯಿಂದ ಹೊಸದನ್ನು ಹಾಕಿದೆ. ಪರದೆ ಪೂರ್ತಿ ಕಪ್ಪಾಯಿತು, ಕಂಪ್ಯೂಟರು ಆರಿ ಮತ್ತೆ ಹತ್ತಿತು. ಚಿತ್ರ ಒಂದು ಸಲ ನಡುಗಿ, ನಾಲ್ಕೂ ಕಡೆಗೆ ಹರಡಿಕೊಂಡಿತು. ಮರುಳಸಿದ್ಧ ಎದ್ದು ನಿಂತು ತೋರುಬೆರಳನ್ನು ಪರದೆಯ ಬದಿಗೆ ಇಟ್ಟು ಅಳೆದ. ಒಂದು ಬೆರಳು ಹೋಗಿತ್ತು. ಒಂದು ಉಳಿದಿತ್ತು.

"ಇದನ್ನೂ ತೆಗೀರಿ," ಅಂದ.

"ಇದು ಹೋಗಲ್ಲಪ್ಪ. ಇದು ಅವ್ವಂದು."

"ನಾನು ಸತ್ತೆ ಅಂತ ನೀವು ಹೇಳಿದ್ದಕ್ಕೆ ತಾನೇ ಅವ್ವ ಸತ್ತಿದ್ದು?"

ಅಷ್ಟಕ್ಕೇ ಹೂಂ ಅಂದು ಬಿಡಬಹುದಿತ್ತು. ಅರ್ಧ ತಪ್ಪು ಪುತ್ರಶೋಕದ ಪಾಲಿಗೆ ಹೋಗುತ್ತಿತ್ತು. ಊರಿನವರು ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದರು. ಆದರೆ ಆ ಮುದುಕಿ ತಾನೇ ಮಗನನ್ನು ಕೊಂದೆ ಎಂದು ನಂಬಿಕೊಂಡು ಹಸಿದು ಸತ್ತಿದ್ದಳು, ಆ ತಪ್ಪು ಅವಳ ತಲೆಯ ಮೇಲೆ ಹಾಗೇ ಉಳಿಯುವುದನ್ನು ನನಗೆ ತಾಳಲಾಗಲಿಲ್ಲ. ಎಲ್ಲ ಹೇಳಿದೆ. ಹಳದಿ ಗುರುತನ್ನು, ನನ್ನ ಧಿಮಾಕನ್ನು, ಹನ್ನೊಂದನೇ ದಿನ ಅವಳು ಕೇಳಿದ್ದನ್ನು, ನಾನು ಕೊಟ್ಟ ಉತ್ತರವನ್ನು. ಅವಳದ್ದೇನೂ ತಪ್ಪಿಲ್ಲ, ಪ್ಲಗ್ಗು ಕಿತ್ತರೆ ಡ್ರೈವರ್ ಕೆಡುತ್ತದೆ, ಮನುಷ್ಯ ಸಾಯುವುದಿಲ್ಲ ಅಂದೆ. ದಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳುತ್ತಿದ್ದಳು. ಮರುಳಸಿದ್ಧ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ಉಳಿದ ಅಂಚಿನ ಮೇಲೆ ಮತ್ತೆ ಬೆರಳಿಟ್ಟ. ಆಮೇಲೆ ಕೇಳಿದ, "ಇವತ್ತು ಮಾಡಿದ್ದನ್ನ ಅವತ್ತೇ ಮಾಡಿದ್ರೆ ಎಷ್ಟೊತ್ತು ಆಗ್ತಿತ್ತು?"

"ಏಳು ನಿಮಿಷ," ಅಂದೆ.

ನಾನು ಎದ್ದೆ, ಚೀಲ ಎತ್ತಿಕೊಂಡೆ. ಅವನು ಬಾಗಿಲಿಗೆ ಅಡ್ಡ ಬಂದು ನಿಂತ. ಕೋಪವೇ ಇಲ್ಲದ ದನಿಯಲ್ಲಿ, "ಕೂತ್ಕೊಳ್ಳಿ. ಏಳು ನಿಮಿಷ ಕೂತಿದ್ದು ಹೋಗಿ," ಅಂದ.

ಕೂತೆ. ಅವನೂ ನೆಲದ ಮೇಲೆ ಕೂತು ಗೋಡೆ ಗಡಿಯಾರ ನೋಡತೊಡಗಿದ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾಲ್ಕನೇ ನಿಮಿಷಕ್ಕೆ ದಾಕ್ಷಾಯಿಣಿ ಗಟ್ಟಿಯಾಗಿ ಅಳಲು ಶುರುಮಾಡಿದಳು. ಇನ್ನೂ ಮೂರು ನಿಮಿಷ ಬಾಕಿ ಇತ್ತು.